ಬೋರ್‌ವೆಲ್ ಬತ್ತಿದರೆ ಊರೇ ಕುಸಿಯುತ್ತದೆಯೇ? ಮಣ್ಣಿನ ಲೆಕ್ಕ ಬಿಡಿಸಿದ ಕಾರ್ಲ್ ಟೆರ್ಜಾಗಿ

ಅಂತರ್ಜಲ ಎತ್ತಿ ಎತ್ತಿ ನಗರವೇ ಕುಸಿಯುತ್ತಿರುವ ವಿಡಿಯೊ ಮೊಬೈಲ್‌ಗೆ ಬಂದರೆ ಚಳ್ಳಕೆರೆ, ಮೊಳಕಾಲ್ಮೂರಿನವರಿಗೆ ಗಾಬರಿಯಾಗುವುದು ಸಹಜ. ಇಲ್ಲಿ ಮಳೆ ಕಡಿಮೆ, ಬೋರ್‌ವೆಲ್ ಹೆಚ್ಚು. ಕಪ್ಪು ಮಣ್ಣಿನ ಮೇಲೆ ಕಟ್ಟಿದ ಮನೆಗಳ ಗೋಡೆ ಬಿರುಕು ಬಿಡುವುದೂ ಉಂಟು. ಹಾಗಾದರೆ ನಮ್ಮೂರೂ ಕುಸಿಯುತ್ತದೆಯೇ? ಉತ್ತರಕ್ಕಾಗಿ ನಾವು ಒಬ್ಬ ಎಂಜಿನಿಯರ್‌ನ ಬದುಕನ್ನು ತಿಳಿಯಬೇಕು.

ಕಾರ್ಲ್ ಟೆರ್ಜಾಗಿ ಹುಟ್ಟಿದ್ದು 1883ರ ಅಕ್ಟೋಬರ್ 2ರಂದು, ಪ್ರಾಗ್‌ನಲ್ಲಿ. ತಂದೆ ಸೇನಾಧಿಕಾರಿ. ಆಸ್ಟ್ರಿಯಾದ ಗ್ರಾಜ್‌ನಲ್ಲಿ ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್, ಆಸಕ್ತಿ ಇದ್ದದ್ದು ಭೂವಿಜ್ಞಾನದಲ್ಲಿ. ಆಗ ಉಕ್ಕು, ಕಾಂಕ್ರೀಟ್ ಎಷ್ಟು ಭಾರ ತಾಳುತ್ತವೆ ಎಂಬುದಕ್ಕೆ ಲೆಕ್ಕವಿತ್ತು. ಅವನ್ನು ಹೊರುವ ಮಣ್ಣಿಗೆ ಮಾತ್ರ ಬಹುಮಟ್ಟಿಗೆ ಅಂದಾಜೇ ಗತಿ.

1916ರಲ್ಲಿ ಅವರು ಪಾಠ ಹೇಳಲು ಇಸ್ತಾಂಬುಲ್‌ಗೆ ಹೋದರು. ಮೊದಲ ಮಹಾಯುದ್ಧ ಮುಗಿದ ಮೇಲೆ ಅಲ್ಲಿನ ರಾಬರ್ಟ್ ಕಾಲೇಜು ಸೇರಿದರು. ಪ್ರಯೋಗಾಲಯಕ್ಕೆ ಹಣವಿರಲಿಲ್ಲ. ಸಿಗಾರ್ ಡಬ್ಬಿ, ಗುಜರಿ ಸಾಮಾನುಗಳಿಂದಲೇ ಉಪಕರಣ ಮಾಡಿಕೊಂಡು, ಒದ್ದೆ ಜೇಡಿಮಣ್ಣನ್ನು ಒತ್ತಿ ನೋಡುತ್ತಾ ವರ್ಷಗಳನ್ನೇ ಕಳೆದರು.

ಅವರು ಕಂಡುಕೊಂಡದ್ದು ಇಷ್ಟು: ನೀರು ತುಂಬಿದ ಮಣ್ಣಿನಲ್ಲಿ ಭಾರವನ್ನು ಕಣಗಳೂ ನೀರೂ ಹಂಚಿಕೊಂಡು ಹೊರುತ್ತವೆ. ನೀರು ಹೋದರೆ ಆ ಪಾಲೂ ಕಣಗಳ ಮೇಲೆ ಬೀಳುತ್ತದೆ. ಆಗ ಮೆದು ಜೇಡಿಮಣ್ಣು ಹಿಂಡಿದ ಸ್ಪಂಜಿನಂತೆ ನಿಧಾನವಾಗಿ ಕುಗ್ಗುತ್ತದೆ. 1925ರಲ್ಲಿ ಈ ಲೆಕ್ಕವೆಲ್ಲ ಪುಸ್ತಕವಾಯಿತು. ಅಲ್ಲಿಂದ ಅಮೆರಿಕದ ಎಂಐಟಿ, ನಂತರ ವಿಯೆನ್ನಾ, 1938ರಲ್ಲಿ ಹಾರ್ವರ್ಡ್. 1963ರ ಅಕ್ಟೋಬರ್ 25ರಂದು ಅವರು ತೀರಿಕೊಂಡರು. ಇಂದಿಗೂ ಅವರನ್ನು ಮಣ್ಣಿನ ಎಂಜಿನಿಯರಿಂಗ್‌ನ ಪಿತಾಮಹ ಎನ್ನುತ್ತಾರೆ.

ಮೆಕ್ಸಿಕೊ ಸಿಟಿ ಇರುವುದು ಹಳೆಯ ಕೆರೆಯ ಮೆದು ಮಣ್ಣಿನ ಮೇಲೆ. ಅಂತರ್ಜಲ ಎತ್ತಿದ್ದರಿಂದ ಅಲ್ಲಿ ಕೆಲವೆಡೆ ನೆಲ ಹಲವು ಮೀಟರ್ ಇಳಿದಿದೆ. ಮರುಭೂಮಿಯ ಲಾಸ್ ವೇಗಸ್‌ನಲ್ಲೂ 1935ರಿಂದೀಚೆಗೆ ಕೆಲವು ಕಡೆ ಸುಮಾರು 6 ಅಡಿ ಕುಸಿತವಾಗಿದೆ. ಎರಡೂ ಕಡೆ ನೆಲದಡಿ ದಪ್ಪನೆಯ, ಮೆದುವಾದ ಮಣ್ಣಿನ ಪದರಗಳಿವೆ.

ನಮ್ಮ ಚಿತ್ರದುರ್ಗ ಸೀಮೆಯ ನೆಲ ಹಾಗಲ್ಲ. ಮೇಲೆ ತೆಳು ಮಣ್ಣು, ಕೆಳಗೆ ಗಟ್ಟಿ ಬಂಡೆ. ಬೋರ್‌ವೆಲ್ ನೀರು ಬರುವುದು ಬಂಡೆಯ ಬಿರುಕುಗಳಿಂದ. ನೀರು ಖಾಲಿಯಾದರೂ ಬಂಡೆ ಸ್ಪಂಜಿನಂತೆ ಕುಗ್ಗುವುದಿಲ್ಲ. ಹಾಗಾಗಿ ಲಾಸ್ ವೇಗಸ್‌ನಂತೆ ಊರಿಗೆ ಊರೇ ಇಳಿಯುವ ಸಾಧ್ಯತೆ ತೀರಾ ಕಡಿಮೆ.

ಹಾಗಾದರೆ ಗೋಡೆ ಬಿರುಕು ಬಿಡುವುದೇಕೆ? ಎರೆಮಣ್ಣಿನ ಮೇಲಿನ ಮನೆಯಾದರೆ ಮೊದಲು ಆ ಮಣ್ಣನ್ನೇ ಅನುಮಾನಿಸಿ. ಅದು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಸೀಳುತ್ತದೆ. ಅದರ ಜೊತೆ ಪಾಯವೂ ಏಳುತ್ತದೆ, ಇಳಿಯುತ್ತದೆ. ಮನೆ ಕಟ್ಟುವಾಗ ಪಾಯವನ್ನು ಗಟ್ಟಿ ನೆಲದವರೆಗೆ ಇಳಿಸಿ. ಬಚ್ಚಲು ನೀರು ಗೋಡೆ ಬುಡದಲ್ಲಿ ನಿಲ್ಲದಂತೆ ನೋಡಿಕೊಳ್ಳಿ. ಬಿರುಕು ಅಗಲವಾಗುತ್ತಿದ್ದರೆ ಎಂಜಿನಿಯರ್‌ಗೆ ತೋರಿಸಿ.

ಊರು ಕುಸಿಯದು ಎಂದು ನೀರನ್ನು ಬೇಕಾಬಿಟ್ಟಿ ಎತ್ತಬಹುದು ಎಂದಲ್ಲ. ಬಂಡೆಯ ಬಿರುಕಿನಲ್ಲಿ ಹಿಡಿಯುವ ನೀರೇ ಕಡಿಮೆ, ಅದು ಮತ್ತೆ ತುಂಬಲು ಮಳೆಯೇ ಬರಬೇಕು. ಇಲ್ಲಿ ನಿಜವಾಗಿ ಇಳಿಯುತ್ತಿರುವುದು ನೆಲವಲ್ಲ, ನೀರು. ಭಯದ ವಿಡಿಯೊ ಬಂದರೆ ಅದರ ಜೊತೆ ಇದನ್ನೂ ಕಳುಹಿಸಿ.