ಹಡಗು ಕಟ್ಟಲು ಕಲಿತ ದೊರೆ: ಪೀಟರ್‌ನ ಆಮ್‌ಸ್ಟರ್‌ಡ್ಯಾಮ್ ದಿನಗಳು

ಆಮ್‌ಸ್ಟರ್‌ಡ್ಯಾಮ್: ಎಂಜಿನಿಯರಿಂಗ್ ಓದಲು ಕರ್ನಾಟಕದಿಂದ ನೆದರ್ಲೆಂಡ್ಸ್‌ಗೆ ಬರುವ ನಮ್ಮ ಹುಡುಗ ಹುಡುಗಿಯರು ತಿಳಿಯಬೇಕಾದ ಒಬ್ಬ ಹಳೆಯ ವಿದ್ಯಾರ್ಥಿಯಿದ್ದಾನೆ. ಮುನ್ನೂರು ವರ್ಷಗಳಿಗೂ ಹಿಂದೆ ಆತ ತಂತ್ರವಿದ್ಯೆ ಕಲಿಯಲು ಇದೇ ಊರಿಗೆ ಬಂದಿದ್ದ. ವಿಶೇಷವೆಂದರೆ, ಆಗಲೇ ಅವನು ರಷ್ಯಾದ ದೊರೆ. ಮುಂದೆ ಜಗತ್ತು ಅವನನ್ನು ಮಹಾನ್ ಪೀಟರ್ ಎಂದು ಕರೆಯಿತು.

1672ರಲ್ಲಿ ಹುಟ್ಟಿದ ಪೀಟರ್ ಹತ್ತನೇ ವಯಸ್ಸಿಗೇ ಪಟ್ಟವೇರಿದವನು. ರಷ್ಯಾಕ್ಕೆ ಆಗ ಹೇಳಿಕೊಳ್ಳುವಂಥ ನೌಕಾಪಡೆ ಇರಲಿಲ್ಲ. 1697ರಲ್ಲಿ ದೊಡ್ಡ ನಿಯೋಗವೊಂದನ್ನು ಯುರೋಪಿಗೆ ಕಳಿಸಿದ ಪೀಟರ್, ಪ್ಯೋತ್ರ್ ಮಿಖಾಯ್ಲೋವ್ ಎಂಬ ಸಾಮಾನ್ಯನ ಹೆಸರಿನಲ್ಲಿ ತಾನೂ ಅದರೊಳಗೆ ಸೇರಿಕೊಂಡ. ಆಗ ಅವನಿಗೆ 25 ವರ್ಷ.

ಮೊದಲು ಇಳಿದದ್ದು ಆಮ್‌ಸ್ಟರ್‌ಡ್ಯಾಮ್ ಪಕ್ಕದ ಝಾಂಡಾಮ್‌ನಲ್ಲಿ, ಕಮ್ಮಾರನೊಬ್ಬನ ಪುಟ್ಟ ಮರದ ಮನೆಯಲ್ಲಿ. ಆದರೆ ಆರೂವರೆ ಅಡಿಗೂ ಎತ್ತರದ ಆಳು ಎಷ್ಟು ದಿನ ಅಡಗಿರಲು ಸಾಧ್ಯ? ಗುಟ್ಟು ರಟ್ಟಾಗಿ ಜನ ಮುತ್ತಿಕೊಂಡರು. ಸುಮಾರು ಒಂದು ವಾರದಲ್ಲೇ ಅವನು ಆಮ್‌ಸ್ಟರ್‌ಡ್ಯಾಮ್‌ಗೆ ಬಂದ. ನಗರದ ಮೇಯರ್ ನಿಕೊಲಾಸ್ ವಿಟ್ಸನ್, ಡಚ್ ಈಸ್ಟ್ ಇಂಡಿಯಾ ಕಂಪನಿಯ ಹಡಗುಕಟ್ಟೆಯಲ್ಲಿ ಅವನಿಗೆ ಕೆಲಸ ಕೊಡಿಸಿದರು. ಅಲ್ಲಿ ಸುಮಾರು ನಾಲ್ಕು ತಿಂಗಳು ಪೀಟರ್ ಕೊಡಲಿ ಹಿಡಿದು, ಬಡಗಿಗಳ ನಡುವೆ ಬಡಗಿಯಾಗಿ ಒಂದು ಹಡಗು ಕಟ್ಟುವುದರಲ್ಲಿ ದುಡಿದ. ಕೊನೆಗೆ ಮೇಸ್ತ್ರಿಯಿಂದ ಪ್ರಮಾಣಪತ್ರವನ್ನೂ ಪಡೆದ.

ಆದರೂ ಅವನಿಗೆ ಸಮಾಧಾನವಾಗಲಿಲ್ಲ. ಡಚ್ಚರು ಹೆಚ್ಚಾಗಿ ಅನುಭವ ಮತ್ತು ಕಣ್ಣಳತೆಯ ಮೇಲೆ ಹಡಗು ಕಟ್ಟುತ್ತಿದ್ದರು. ನಕ್ಷೆ, ಲೆಕ್ಕಾಚಾರದ ಹಿಂದಿನ ಶಾಸ್ತ್ರ ಬೇಕೆಂದು ಪೀಟರ್ 1698ರ ಆರಂಭದಲ್ಲಿ ಇಂಗ್ಲೆಂಡಿಗೆ ಹೊರಟ. ಕೈಗೆ ಕೆಲಸ ಬಂದರೆ ಸಾಲದು, ಅದು ಏಕೆ ಹಾಗೆ ಎಂಬುದೂ ತಿಳಿಯಬೇಕು ಎಂಬ ಹಸಿವು ಅವನಲ್ಲಿತ್ತು.

ಹಡಗು ಕಲಿಯಲು ಬಂದವನ ಕಣ್ಣು ಹಡಗಿನಲ್ಲೇ ನಿಲ್ಲಲಿಲ್ಲ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಅಂಗರಚನಾ ತಜ್ಞ ಫ್ರೆಡೆರಿಕ್ ರೌಶ್ ಅವರ ಸಂಗ್ರಹ ನೋಡಿ ಬೆರಗಾದ. 1717ರಲ್ಲಿ ಮತ್ತೆ ಬಂದಾಗ ಅದನ್ನೇ ಕೊಂಡುಕೊಂಡ. ಡೆಲ್ಫ್ಟ್‌ನ ಲೇವನ್‌ಹುಕ್ ಅವರ ಸೂಕ್ಷ್ಮದರ್ಶಕದಲ್ಲೂ ಇಣುಕಿದ. ಊರಿಗೆ ಮರಳಿ 1701ರಲ್ಲಿ ಮಾಸ್ಕೋದಲ್ಲಿ ಗಣಿತ ಮತ್ತು ನೌಕಾಯಾನದ ಶಾಲೆ ತೆರೆದ. 1703ರಲ್ಲಿ ಜೌಗುನೆಲದಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ಗೆ ಅಡಿಗಲ್ಲು ಹಾಕಿದ. ಅಲ್ಲಿನ ಕಾಲುವೆಗಳಲ್ಲಿ ಆಮ್‌ಸ್ಟರ್‌ಡ್ಯಾಮ್ ನೆನಪು ಇಂದಿಗೂ ಕಾಣುತ್ತದೆ.

ಇಷ್ಟಾದರೂ ಅವನು ಇಲ್ಲಿಂದ ಒಯ್ಯದೇ ಹೋದದ್ದೂ ಇದೆ. ಆಮ್‌ಸ್ಟರ್‌ಡ್ಯಾಮ್ ರಾಜನ ಊರಾಗಿರಲಿಲ್ಲ. ಅದನ್ನು ನಡೆಸುತ್ತಿದ್ದವರು ಅಲ್ಲಿನ ವರ್ತಕ ಮನೆತನಗಳ ನಾಗರಿಕರು. ಬೇರೆ ಬೇರೆ ಮತದವರು ಅಲ್ಲಿ ನೆಲೆ ಕಂಡಿದ್ದರು. ಪೀಟರ್ ಮಾತ್ರ ದಂಗೆಯೆದ್ದ ತನ್ನ ಸೈನಿಕರನ್ನು ನೂರಾರು ಸಂಖ್ಯೆಯಲ್ಲಿ ಗಲ್ಲಿಗೇರಿಸಿದ. ಅವನ ಹೊಸ ನಗರ ಕಟ್ಟುವಾಗ ಬಲವಂತದ ದುಡಿಮೆಯಲ್ಲಿ ಸಾವಿರಾರು ಜನ ಸತ್ತರು. ಮಗ ಅಲೆಕ್ಸಿಯೂ 1718ರಲ್ಲಿ ಚಿತ್ರಹಿಂಸೆಗೆ ಗುರಿಯಾಗಿ ಸೆರೆಮನೆಯಲ್ಲೇ ಸತ್ತ. 1725ರಲ್ಲಿ ಪೀಟರ್ ತೀರಿಕೊಂಡಾಗ ರಷ್ಯಾಕ್ಕೆ ಬಲವಾದ ನೌಕಾಪಡೆಯಿತ್ತು, ಆದರೆ ರೈತ ಜೀತದಲ್ಲೇ ಉಳಿದಿದ್ದ.

ಪರದೇಶದ ಓದು ತಂತ್ರಜ್ಞಾನವನ್ನು ಬೇಗ ಕಲಿಸುತ್ತದೆ. ಆ ತಂತ್ರಜ್ಞಾನ ಬೆಳೆದ ಸಮಾಜ ಹೇಗೆ ಬದುಕುತ್ತಿದೆ ಎಂಬುದನ್ನು ಮಾತ್ರ ವಿದ್ಯಾರ್ಥಿಯೇ ತರಗತಿಯ ಹೊರಗೆ ಕಣ್ಣುಬಿಟ್ಟು ನೋಡಬೇಕು. ಝಾಂಡಾಮ್‌ನ ಆ ಮರದ ಮನೆ ಈಗ ಮ್ಯೂಸಿಯಂ. ಆಮ್‌ಸ್ಟರ್‌ಡ್ಯಾಮ್‌ನಿಂದ ರೈಲಿನಲ್ಲಿ ಸ್ವಲ್ಪವೇ ದೂರ. ಒಂದು ರಜಾದಿನ ಹೋಗಿ ಬರಬಹುದು.