ನಗುವ ಮುಖದ ಹಿಂದಿನ ಮನುಷ್ಯ: ಕಾನ್ರಾಡ್ ಫೈಟ್

ನಮ್ಮ ಹಾಸ್ಟೆಲ್ಲಿನ ಕಾರಿಡಾರಿನಲ್ಲಿ ಒಂದು ಸುತ್ತು ಹಾಕಿ ಬನ್ನಿ. ನಾಲ್ಕು ರೂಮಿಗೊಂದರಂತೆ ಜೋಕರ್ ಪೋಸ್ಟರ್ ಸಿಗುತ್ತೆ. ಕಿವಿಯವರೆಗೂ ಸೀಳಿದಂತಿರುವ ಆ ನಗು, ನಗದೇ ಇರುವ ಆ ಕಣ್ಣು. ಹೀತ್ ಲೆಡ್ಜರ್ ದೊಡ್ಡವನಾ, ಹೋಕಿನ್ ಫೀನಿಕ್ಸ್ ದೊಡ್ಡವನಾ ಅಂತ ಮೆಸ್ಸಿನಲ್ಲಿ ತಟ್ಟೆ ಒಣಗುವವರೆಗೂ ಜಗಳ ಆಡಿದವರು ನಾವು. ಆದರೆ ಆ ನಗು ಮೊದಲು ಯಾರ ಮುಖದ ಮೇಲಿತ್ತು ಅಂತ ಕೇಳಿದ್ರೆ ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಹುಡುಕಿಕೊಂಡು ಹೋದಾಗ ಸಿಕ್ಕವನು ಕಾನ್ರಾಡ್ ಫೈಟ್, ಜರ್ಮನಿಯ ನಟ. ಇಂಗ್ಲಿಷಿನಲ್ಲಿ ಅವನ ಅಡ್ಡಹೆಸರು ‘ವಿ’ ಅಕ್ಷರದಿಂದ ಶುರುವಾಗುತ್ತೆ, ಆದರೆ ಜರ್ಮನ್ನರ ಬಾಯಲ್ಲಿ ಅದು ಫೈಟ್. ಹೆಸರಿಗೆ ತಕ್ಕ ಹಾಗೆ ಬದುಕಿದ ಮನುಷ್ಯ ಅನ್ನೋದು ಕಥೆ ಮುಂದುವರಿದ ಹಾಗೆ ನಿಮಗೇ ಗೊತ್ತಾಗುತ್ತೆ.

ಹದಿಮೂರಕ್ಕೆ ಹದಿಮೂರನೆಯವ

ಫೈಟ್ ಹುಟ್ಟಿದ್ದು 1893ರ ಜನವರಿ 22ರಂದು, ಬರ್ಲಿನ್ನಿನಲ್ಲಿ. ಅಪ್ಪ ಸೈನ್ಯದಲ್ಲಿದ್ದು ಆಮೇಲೆ ಸರ್ಕಾರಿ ನೌಕರಿ ಹಿಡಿದವರು, ಶಿಸ್ತಿನ ಆಸಾಮಿ. ಅಣ್ಣ ಚಿಕ್ಕವನಿದ್ದಾಗಲೇ ಜ್ವರದಿಂದ ತೀರಿಕೊಂಡಿದ್ದ. ಹಾಗಾಗಿ ಮನೆಯ ಆಸೆಯೆಲ್ಲ ಉಳಿದ ಒಬ್ಬ ಮಗನ ಮೇಲೆ. ಒಮ್ಮೆ ಅಪ್ಪನಿಗೆ ಹೃದಯದ ತೊಂದರೆಯಾಗಿ ಆಪರೇಷನ್ ಮಾಡಬೇಕಾಯಿತು. ಆ ಡಾಕ್ಟರು ಮನೆಯವರ ಕೈಲಾದಷ್ಟು ದುಡ್ಡು ಮಾತ್ರ ತಗೊಂಡರು. ಅದನ್ನು ಕಂಡ ಹುಡುಗ ತಾನೂ ಸರ್ಜನ್ ಆಗಬೇಕು ಅಂತ ಕನಸು ಕಟ್ಟಿದ.

ಕನಸೇನೋ ಸರಿ, ಮಾರ್ಕ್ಸ್ ಬರಬೇಕಲ್ಲ! 1912ರಲ್ಲಿ ಸ್ಕೂಲು ಮುಗಿಸಿದಾಗ ತರಗತಿಯಲ್ಲಿದ್ದ ಹದಿಮೂರು ಜನರಲ್ಲಿ ಇವನದು ಹದಿಮೂರನೇ ಸ್ಥಾನ. ಮೆಡಿಕಲ್ ಕನಸು ಅಲ್ಲಿಗೇ ಮುಗೀತು. ಬ್ಯಾಕ್‌ಲಾಗ್ ಲಿಸ್ಟ್ ನೋಡಿ ಕಂಗಾಲಾಗಿರುವ ಗೆಳೆಯರು ಈ ಪ್ಯಾರಾವನ್ನು ಮಾತ್ರ ಫೋಟೋ ತೆಗೆದು ಮನೆಗೆ ಕಳಿಸಬೇಡಿ, ಪೂರ್ತಿ ಓದಿ.

ಅಷ್ಟರಲ್ಲಿ ನಾಟಕದ ಹುಚ್ಚು ಹತ್ತಿತ್ತು. ಸ್ಕೂಲಿನ ಕ್ರಿಸ್ಮಸ್ ನಾಟಕದಲ್ಲಿ ತೆರೆ ಏಳುವ ಮುಂಚಿನ ಮಾತುಗಳನ್ನು ಹೇಳುವ ಕೆಲಸ ಇವನದಾಗಿತ್ತು. ನಾಟಕ ನೆಲಕಚ್ಚಿದರೂ ಆ ಹುಡುಗ ಚೆನ್ನಾಗಿ ಹೇಳಿದ ಅಂತ ಜನ ಮಾತಾಡಿಕೊಂಡರು. ಅಷ್ಟು ಸಾಕಾಯಿತು. ಬರ್ಲಿನ್ನಿನ ಡಾಯ್ಚಸ್ ಥಿಯೇಟರ್ ಆಗ ಮ್ಯಾಕ್ಸ್ ರೈನ್‌ಹಾರ್ಟ್ ಎಂಬ ದೊಡ್ಡ ನಿರ್ದೇಶಕರ ಕೈಯಲ್ಲಿತ್ತು. ಅದರ ಬಾಗಿಲ ಸುತ್ತ ಸುಳಿದಾಡಿ, ಒಬ್ಬ ನಟನ ಹತ್ತಿರ ಕೆಲವು ಪಾಠ ಹೇಳಿಸಿಕೊಂಡು ಆಡಿಷನ್‌ಗೆ ಹೋದ. ಇವನು ಅಭಿನಯಿಸುತ್ತಿದ್ದಷ್ಟು ಹೊತ್ತೂ ರೈನ್‌ಹಾರ್ಟ್ ಕಿಟಕಿಯಾಚೆ ನೋಡ್ತಾ ಕೂತಿದ್ದರಂತೆ. ವೈವಾದಲ್ಲಿ ಎಕ್ಸ್‌ಟರ್ನಲ್ ಮೊಬೈಲ್ ನೋಡ್ತಾ ಕೂತಾಗ ನಮಗಾಗುವ ಸಂಕಟವೇ ಅವನಿಗೂ ಆಗಿರಬೇಕು. ಆದರೂ ಕೆಲಸ ಸಿಕ್ಕಿತು: ಮಾತಿಲ್ಲದ ಚಿಲ್ಲರೆ ಪಾತ್ರಗಳು, ಚಿಲ್ಲರೆಯಷ್ಟೇ ಸಂಬಳ.

1914ರಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಎಲ್ಲ ಹುಡುಗರ ಹಾಗೆ ಇವನನ್ನೂ ಸೈನ್ಯಕ್ಕೆ ಎಳೆದುಕೊಂಡು ಹೋಗಿ ಪೂರ್ವದ ರಣರಂಗಕ್ಕೆ ಕಳಿಸಿದರು. ಅಲ್ಲಿ ಕಾಮಾಲೆ, ನ್ಯುಮೋನಿಯಾ ಎರಡೂ ಒಟ್ಟಿಗೆ ಅಂಟಿಕೊಂಡವು. ಆಸ್ಪತ್ರೆಯಲ್ಲಿ ಮಲಗಿ ಎದ್ದಮೇಲೆ ಸೈನಿಕರಿಗಾಗಿ ನಡೆಯುತ್ತಿದ್ದ ನಾಟಕ ತಂಡ ಸೇರಿದ. 1917ರಲ್ಲಿ ಸೈನ್ಯದಿಂದ ಬಿಡುಗಡೆಯಾಗಿ ಮತ್ತೆ ಬರ್ಲಿನ್, ಮತ್ತೆ ರೈನ್‌ಹಾರ್ಟರ ರಂಗಭೂಮಿ. ಹೊಟ್ಟೆಪಾಡಿಗೆ ಜೊತೆಯಲ್ಲೇ ಸಿನಿಮಾ.

ಸೊಟ್ಟ ಗೋಡೆಗಳ ಊರು

ಯುದ್ಧದಲ್ಲಿ ಸೋತು ಸುಣ್ಣವಾಗಿದ್ದ ಜರ್ಮನಿಯಲ್ಲಿ ದುಡ್ಡಿಲ್ಲ, ಅನ್ನಕ್ಕೂ ತತ್ವಾರ. ಆದರೆ ಸಿನಿಮಾ ಮಾತ್ರ ಹುಚ್ಚು ಹೊಳೆಯ ಹಾಗೆ ಹರೀತಿತ್ತು. 1919ರಲ್ಲಿ ರಿಚರ್ಡ್ ಓಸ್ವಾಲ್ಡ್ ನಿರ್ದೇಶನದ ‘ಆಂಡರ್ಸ್ ಆಲ್ಸ್ ಡೀ ಆಂಡರ್ನ್’ ಚಿತ್ರದಲ್ಲಿ ಫೈಟ್ ಒಬ್ಬ ವಯಲಿನ್ ವಾದಕನ ಪಾತ್ರ ಮಾಡಿದ. ಆ ವಾದಕ ಸಲಿಂಗಿ. ಅದನ್ನು ಅಪರಾಧ ಎನ್ನುತ್ತಿದ್ದ ಕಾನೂನು, ಅದನ್ನೇ ಹಿಡಿದು ಬೆದರಿಸಿ ದುಡ್ಡು ಕೀಳುವ ಪುಂಡ, ಕೊನೆಗೆ ಆತ್ಮಹತ್ಯೆ. ಮುಂದೆ ನಾಜಿಗಳು ಆ ಚಿತ್ರದ ಪ್ರತಿಗಳನ್ನು ನಾಶ ಮಾಡಿದ್ದರಿಂದ ಇವತ್ತು ಉಳಿದಿರುವುದು ತುಣುಕುಗಳಷ್ಟೇ. ನಾಯಕನಟನಾಗಬೇಕು ಅಂತಿದ್ದ ಇಪ್ಪತ್ತಾರರ ಯುವಕ ಆ ಕಾಲದಲ್ಲಿ ಆ ಪಾತ್ರ ಒಪ್ಪಿಕೊಂಡ ಅನ್ನೋದನ್ನ ನೆನಪಿಟ್ಟುಕೊಳ್ಳಿ.

ಮುಂದಿನ ವರ್ಷ, 1920ರ ಫೆಬ್ರವರಿಯಲ್ಲಿ ‘ದಿ ಕ್ಯಾಬಿನೆಟ್ ಆಫ್ ಡಾಕ್ಟರ್ ಕ್ಯಾಲಿಗರಿ’ ಬಂತು. ನಿರ್ದೇಶಕ ರಾಬರ್ಟ್ ವೀನೆ. ಜಾತ್ರೆಯಲ್ಲಿ ಒಬ್ಬ ಮುದುಕ ಡಾಕ್ಟರ್ ಪೆಟ್ಟಿಗೆಯೊಳಗೆ ಮಲಗಿರುವ ಸೀಸರೆ ಎಂಬ ನಿದ್ರಾಚಾರಿಯನ್ನು ತೋರಿಸಿ ದುಡ್ಡು ಮಾಡುತ್ತಾನೆ. ರಾತ್ರಿಯಾದರೆ ಅವನ ಕೈಯಲ್ಲೇ ಕೊಲೆ ಮಾಡಿಸುತ್ತಾನೆ. ಡಾಕ್ಟರ್ ಪಾತ್ರಕ್ಕೆ ವೆರ್ನರ್ ಕ್ರೌಸ್, ಸೀಸರೆ ಪಾತ್ರಕ್ಕೆ ಫೈಟ್.

ಈ ಚಿತ್ರದ ಸೆಟ್ಟುಗಳನ್ನು ಸಿವಿಲ್‌ನವರು ನೋಡಿದರೆ ಲೋಡ್ ಕ್ಯಾಲ್ಕುಲೇಷನ್ ಬಿಟ್ಟು ಓಡಿಹೋಗ್ತಾರೆ. ಒಂದು ಗೋಡೆಯೂ ನೆಟ್ಟಗಿಲ್ಲ, ಕಿಟಕಿಗಳು ಚೂಪು ತ್ರಿಕೋನ, ಬೀದಿಗಳು ತಿರುಚಿಕೊಂಡಿವೆ. ನೆರಳು ಬೆಳಕನ್ನೂ ಕ್ಯಾನ್ವಾಸಿನ ಮೇಲೆ ಬಣ್ಣದಲ್ಲೇ ಬರೆದುಬಿಟ್ಟಿದ್ದಾರೆ. ಹೊರಗಿನ ಜಗತ್ತು ಹೇಗಿದೆ ಅನ್ನೋದಕ್ಕಿಂತ ಕೆಟ್ಟುಹೋದ ಮನಸ್ಸಿಗೆ ಅದು ಹೇಗೆ ಕಾಣುತ್ತೆ ಅಂತ ತೋರಿಸುವ ಈ ರೀತಿಗೆ ಎಕ್ಸ್‌ಪ್ರೆಷನಿಸಂ ಅಂತ ಹೆಸರು. ಅಂಥ ಸೆಟ್ಟಿನ ಎದುರು ಮಾಮೂಲಿ ನಟನೆ ಮಾಡಿದರೆ ನಟ ಬೇರೆ, ಗೋಡೆ ಬೇರೆ ಅನಿಸಿಬಿಡುತ್ತೆ. ಫೈಟ್ ತನ್ನ ಆರಡಿಗೂ ಮಿಕ್ಕ ಸಣಕಲು ಮೈಯನ್ನೇ ಆ ಚಿತ್ರದ ಒಂದು ಗೆರೆ ಮಾಡಿಕೊಂಡ. ಕಪ್ಪು ಬಟ್ಟೆ ತೊಟ್ಟು ಗೋಡೆಗೆ ಅಂಟಿಕೊಂಡು ಸರಿಯುವ ಆ ದೃಶ್ಯದಲ್ಲಿ ಮನುಷ್ಯ ಯಾವುದು, ನೆರಳು ಯಾವುದು ಗೊತ್ತಾಗಲ್ಲ. ಪೆಟ್ಟಿಗೆಯಲ್ಲಿ ನಿಂತು ಮೊದಲ ಸಲ ಕಣ್ಣು ತೆರೆಯುವ ಕ್ಷಣವಂತೂ ನೂರು ವರ್ಷದ ಮೇಲೂ ಲ್ಯಾಪ್‌ಟಾಪಿನ ಮುಂದೆ ಕೂತ ನಮ್ಮನ್ನು ಬೆಚ್ಚಿಬೀಳಿಸಿತು.

ಅಲ್ಲಿಂದ ಫೈಟ್ ಹಿಂದೆ ನೋಡಲಿಲ್ಲ. 1921ರ ‘ಡಾಸ್ ಇಂಡಿಷೆ ಗ್ರಾಬ್ಮಾಲ್’ನಲ್ಲಿ ಬಂಗಾಳದ ಮಹಾರಾಜನಾದ. ಆ ಭಾರತವನ್ನೆಲ್ಲ ಕಟ್ಟಿದ್ದು ಬರ್ಲಿನ್ನಿನ ಹತ್ತಿರದಲ್ಲೇ! 1924ರ ‘ದಿ ಹ್ಯಾಂಡ್ಸ್ ಆಫ್ ಓರ್ಲಾಕ್’ನಲ್ಲಿ ರೈಲು ಅಪಘಾತದಲ್ಲಿ ಕೈ ಕಳೆದುಕೊಂಡು, ಕೊಲೆಗಾರನ ಕೈಗಳನ್ನು ಜೋಡಿಸಿಕೊಂಡ ಪಿಯಾನೋ ವಾದಕನಾದ. ತನ್ನದೇ ಕೈಗಳಿಗೆ ಹೆದರುವ ಮನುಷ್ಯನನ್ನು ಒಂದೇ ಒಂದು ಮಾತಿಲ್ಲದೆ ಅಭಿನಯಿಸಬೇಕಿತ್ತು. ಅಭಿನಯಿಸಿದ.

ಆ ನಗು

1926ರ ಹೊತ್ತಿಗೆ ಹಾಲಿವುಡ್ಡಿನಿಂದ ಕರೆ ಬಂತು. ಅಲ್ಲಿನ ಯೂನಿವರ್ಸಲ್ ಕಂಪನಿಗಾಗಿ 1928ರಲ್ಲಿ ಮಾಡಿದ್ದೇ ‘ದಿ ಮ್ಯಾನ್ ಹೂ ಲಾಫ್ಸ್’. ವಿಕ್ಟರ್ ಹ್ಯೂಗೋ ಕಾದಂಬರಿಯ ಕಥೆ, ನಿರ್ದೇಶಕ ಪಾಲ್ ಲೇನಿ ಕೂಡ ಜರ್ಮನಿಯವರೇ. ರಾಜನ ಸೇಡಿಗಾಗಿ ಒಬ್ಬ ಬಾಲಕನ ಬಾಯನ್ನು ಕೊಯ್ದು ಶಾಶ್ವತವಾಗಿ ನಗುವಂತೆ ಮಾಡಿಬಿಡುತ್ತಾರೆ. ದೊಡ್ಡವನಾದ ಮೇಲೆ ಅವನು ಅತ್ತರೂ ಜನಕ್ಕೆ ಕಾಣುವುದು ನಗುವೇ.

ಈ ನಗುವಿನ ಮೆಕ್ಯಾನಿಸಂ ಕೇಳಿ. ಬಾಯೊಳಗೆ ದೊಡ್ಡ ಹಲ್ಲಿನ ಸೆಟ್, ಅದರಲ್ಲಿ ಕೊಕ್ಕೆಗಳು. ಆ ಕೊಕ್ಕೆಗಳು ತುಟಿಯ ಎರಡೂ ತುದಿಗಳನ್ನು ಹಿಂದಕ್ಕೆ ಎಳೆದು ಹಿಡಿಯುತ್ತಿದ್ದವು. ಹಾಕಿಕೊಂಡರೆ ಮಾತಾಡೋದಕ್ಕೇ ಆಗ್ತಿರಲಿಲ್ಲ. ಮೂಕಿ ಚಿತ್ರವಾದ್ದರಿಂದ ನಡೆದುಹೋಯಿತು. ಮುಖದ ಅರ್ಧ ಭಾಗವನ್ನು ಲಾಕ್ ಮಾಡಿಟ್ಟ ಮೇಲೆ ನಟನಿಗೆ ಉಳಿಯುವುದು ಕಣ್ಣು, ಹಣೆ ಮಾತ್ರ. ನಾಚಿಕೆ, ಪ್ರೀತಿ, ಅವಮಾನ ಎಲ್ಲವನ್ನೂ ಅಷ್ಟರಲ್ಲೇ ಹೇಳಿದ. 1940ರಲ್ಲಿ ಬ್ಯಾಟ್‌ಮ್ಯಾನ್ ಕಾಮಿಕ್ಸಿಗೆ ಖಳನಾಯಕ ಬೇಕಾದಾಗ ಲೇಖಕ ಬಿಲ್ ಫಿಂಗರ್ ತಂದು ಕೊಟ್ಟದ್ದು ಇದೇ ಚಿತ್ರದ ಫೈಟ್ ಫೋಟೋ. ಜೋಕರನನ್ನು ಮೊದಲು ಹುಟ್ಟುಹಾಕಿದ್ದು ಯಾರು ಅಂತ ಅದರ ಸೃಷ್ಟಿಕರ್ತರು ಕೊನೆಯವರೆಗೂ ಕಿತ್ತಾಡಿದರು. ಆದರೆ ಆ ನಗು ಎಲ್ಲಿಂದ ಬಂತು ಅಂತ ತಿಳಿಯೋಕೆ ಎರಡೂ ಚಿತ್ರ ಅಕ್ಕಪಕ್ಕ ಇಟ್ಟು ನೋಡಿದರೆ ಸಾಕು. ತಮಾಷೆ ಅಂದ್ರೆ ಮೂಲ ಪಾತ್ರ ಖಳನೇ ಅಲ್ಲ, ತುಂಬಾ ಮೃದು ಮನಸ್ಸಿನವ.

ಅಷ್ಟರಲ್ಲಿ ಸಿನಿಮಾಕ್ಕೆ ಮಾತು ಬಂತು. ಇಂಗ್ಲಿಷ್ ಅಷ್ಟಾಗಿ ಬಾರದ ಫೈಟ್ ಊರಿಗೆ ವಾಪಸಾದ. ಜರ್ಮನಿಯಲ್ಲಿ ಅವನು ಆಗಲೂ ದೊಡ್ಡ ಸ್ಟಾರ್. ಆರಾಮಾಗಿ ಇರಬಹುದಿತ್ತು.

ಫಾರ್ಮಿನಲ್ಲಿ ಬರೆದ ಒಂದು ಪದ

1933ರ ಜನವರಿಯಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಕೆಲವೇ ತಿಂಗಳಲ್ಲಿ ಸಿನಿಮಾ ರಂಗದಿಂದ ಯಹೂದಿಗಳನ್ನು ಹೊರದಬ್ಬುವ ಕೆಲಸ ಶುರುವಾಯಿತು. ಕೆಲಸ ಬೇಕಿದ್ದವರು ತಮ್ಮ ಜನಾಂಗ ಯಾವುದು ಅಂತ ಫಾರ್ಮ್ ತುಂಬಿ ಕೊಡಬೇಕಿತ್ತು. ಫೈಟ್ ಯಹೂದಿಯಲ್ಲ, ಹುಟ್ಟಿನಿಂದ ಪ್ರಾಟೆಸ್ಟೆಂಟ್ ಕ್ರೈಸ್ತ. ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದರೆ ಸಾಕಿತ್ತು, ಯಾರೂ ತಂಟೆಗೆ ಬರುತ್ತಿರಲಿಲ್ಲ. ಆದರೆ ಆ ವರ್ಷವೇ ಅವನು ಮದುವೆಯಾಗಿದ್ದ ಲಿಲಿ ಪ್ರಾಗರ್ ಯಹೂದಿ. ಫಾರ್ಮಿನ ಆ ಖಾಲಿ ಜಾಗದಲ್ಲಿ ಫೈಟ್ ತನ್ನನ್ನೂ ಯಹೂದಿ ಅಂತಲೇ ಬರೆದುಕೊಟ್ಟ.

ನಾವು ವರ್ಷಕ್ಕೆ ಎಷ್ಟು ಫಾರ್ಮ್ ತುಂಬ್ತೀವಿ! ಎಕ್ಸಾಮ್ ಫಾರ್ಮ್, ಸ್ಕಾಲರ್‌ಶಿಪ್ ಫಾರ್ಮ್, ಪ್ಲೇಸ್‌ಮೆಂಟ್ ಫಾರ್ಮ್. ಎಲ್ಲಿ ಏನು ಬರೆದರೆ ಲಾಭ ಅಂತ ಸೀನಿಯರ್‌ನ ಕೇಳಿ ಬರೀತೀವಿ. ಇವನೊಬ್ಬ, ನಷ್ಟವಾಗುತ್ತೆ ಅಂತ ಗೊತ್ತಿದ್ದೇ ಬರೆದ. ಆ ಒಂದು ಪದಕ್ಕೆ ಬೆಲೆಯಾಗಿ ಮನೆ, ಊರು, ಮಾತೃಭಾಷೆ, ಹದಿನಾರು ವರ್ಷ ಕಟ್ಟಿದ ಹೆಸರು ಎಲ್ಲ ಹೋಯಿತು. ಗಂಡ ಹೆಂಡತಿ ಇಂಗ್ಲೆಂಡಿಗೆ ಹೊರಟರು.

ಅಲ್ಲಿ ಸುಮ್ಮನೆ ಕೂರಲಿಲ್ಲ. 1933ರಲ್ಲೇ ‘ದಿ ವಾಂಡರಿಂಗ್ ಜ್ಯೂ’ ಚಿತ್ರದಲ್ಲಿ ನಟಿಸಿದ. ಮೊದಲೇ ಒಪ್ಪಿಕೊಂಡಿದ್ದ ಒಂದು ಚಿತ್ರ ಮುಗಿಸಿಕೊಡಲು ಜರ್ಮನಿಗೆ ಹೋದಾಗ, ಇವನಿಗೆ ಆರೋಗ್ಯ ಸರಿಯಿಲ್ಲ, ಪ್ರಯಾಣ ಮಾಡುವ ಹಾಗಿಲ್ಲ ಅಂತ ನೆಪ ಹೇಳಿ ನಾಜಿಗಳು ಅಲ್ಲೇ ಹಿಡಿದಿಟ್ಟುಕೊಂಡರು. ಗೋಮಾಂಟ್ ಬ್ರಿಟಿಷ್ ಕಂಪನಿ ತನ್ನ ಕಡೆಯಿಂದಲೇ ಡಾಕ್ಟರನ್ನು ಕಳಿಸಿದ ಮೇಲೆ ಬಿಡಬೇಕಾಯಿತು. ಬಂದವನೇ 1934ರ ‘ಜ್ಯೂ ಸೂಸ್’ ಚಿತ್ರದಲ್ಲಿ ಯಹೂದಿಗಳ ಸಂಕಟ ಹೇಳುವ ಮುಖ್ಯ ಪಾತ್ರ ಮಾಡಿದ. ಜರ್ಮನಿಯ ಬಾಗಿಲು ಶಾಶ್ವತವಾಗಿ ಮುಚ್ಚಿತು.

ಇಲ್ಲೊಂದು ಹೋಲಿಕೆ ನಮ್ಮ ತಲೆಯಿಂದ ಹೋಗ್ತಾನೇ ಇಲ್ಲ. ಕ್ಯಾಲಿಗರಿಯಲ್ಲಿ ಡಾಕ್ಟರ್ ಆಗಿದ್ದ ವೆರ್ನರ್ ಕ್ರೌಸ್ ಜರ್ಮನಿಯಲ್ಲೇ ಉಳಿದ. 1940ರಲ್ಲಿ ನಾಜಿಗಳು ಅದೇ ಸೂಸ್ ಕಥೆಯನ್ನು ಉಲ್ಟಾ ಮಾಡಿ, ಯಹೂದಿಗಳ ಮೇಲೆ ವಿಷ ಕಾರುವ ಸಿನಿಮಾ ತೆಗೆದರು. ಅದರಲ್ಲಿ ಒಂದಲ್ಲ, ಹಲವು ಯಹೂದಿ ಪಾತ್ರಗಳನ್ನು ವಿಕಾರವಾಗಿ ಅಭಿನಯಿಸಿದ್ದು ಇದೇ ಕ್ರೌಸ್. ಇಬ್ಬರೂ ಒಂದೇ ಸೆಟ್ಟಿನಲ್ಲಿ ಬೆಳೆದವರು, ಪ್ರತಿಭೆಯಲ್ಲಿ ಒಬ್ಬರಿಗೊಬ್ಬರು ಕಡಿಮೆಯಿಲ್ಲ. ಪ್ರತಿಭೆ ಇದ್ದರೆ ಸಾಕು ಅಂತ ಯಾರಾದರೂ ಹೇಳಿದರೆ ನಾವೀಗ ಈ ಕಥೆ ಹೇಳ್ತೀವಿ.

ಕಾರಾಪುರದ ಹುಡುಗನ ಎದುರು

ಈಗ ನಮ್ಮೂರಿನ ಸುದ್ದಿ. 1940ರಲ್ಲಿ ಬಂದ ‘ದಿ ಥೀಫ್ ಆಫ್ ಬಾಗ್ದಾದ್’ನಲ್ಲಿ ಫೈಟ್ ದುಷ್ಟ ಮಂತ್ರವಾದಿ ಜಾಫರ್. ಅವನ ಎದುರು ಕಳ್ಳ ಹುಡುಗ ಅಬು ಆಗಿ ನಿಂತದ್ದು ಸಾಬು. ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾರಾಪುರದಲ್ಲಿ ಹುಟ್ಟಿದ, ಮೈಸೂರು ಮಹಾರಾಜರ ಆನೆ ಮಾವುತರ ಮಗ! ‘ಎಲಿಫೆಂಟ್ ಬಾಯ್’ ಚಿತ್ರಕ್ಕಾಗಿ ಮೈಸೂರಿಗೆ ಬಂದವರ ಕಣ್ಣಿಗೆ ಬಿದ್ದು ಇಂಗ್ಲೆಂಡ್ ಸೇರಿದ್ದ. ಬರ್ಲಿನ್ನಿನಿಂದ ಬಂದ ನಟ, ಕಬಿನಿ ಕಾಡಿನಿಂದ ಬಂದ ಹುಡುಗ, ಇಬ್ಬರೂ ಒಂದೇ ಫ್ರೇಮಿನಲ್ಲಿ. ಹಾರುವ ಕುದುರೆ, ಹಾರುವ ಚಾಪೆ, ದೈತ್ಯ ಭೂತ ಎಲ್ಲ ಇದೆ. ನಟರನ್ನು ನೀಲಿ ಪರದೆಯ ಮುಂದೆ ಚಿತ್ರಿಸಿ, ಆಮೇಲೆ ಬೇರೆ ಹಿನ್ನೆಲೆಗೆ ಕೂಡಿಸುವ ತಂತ್ರವನ್ನು ಲ್ಯಾರಿ ಬಟ್ಲರ್ ಟೆಕ್ನಿಕಲರ್‌ನಲ್ಲಿ ಸಾಧಿಸಿ ತೋರಿಸಿದ್ದು ಇಲ್ಲೇ. ನಮ್ಮ ಫೆಸ್ಟ್ ವಿಡಿಯೋಗೆ ಹಸಿರು ಬಟ್ಟೆ ಕಟ್ಟಿ ಒದ್ದಾಡ್ತೀವಲ್ಲ, ಅದರ ಮುತ್ತಾತ ಅನ್ನಿ. ಸ್ಪೆಷಲ್ ಎಫೆಕ್ಟ್ಸ್ ಸೇರಿ ಮೂರು ಆಸ್ಕರ್ ಬಂದವು. ಡಿಸ್ನಿಯ ‘ಅಲ್ಲಾದ್ದೀನ್’ ನೋಡಿದವರಿಗೆ ಅಲ್ಲಿನ ಜಾಫರ್ ಯಾರ ನೆರಳು ಅಂತ ಹೇಳಬೇಕಾಗಿಲ್ಲ.

ಯುದ್ಧ ಶುರುವಾಗುವ ಮೊದಲೇ ಫೈಟ್ ಬ್ರಿಟಿಷ್ ಪ್ರಜೆಯಾಗಿದ್ದ. ತನ್ನ ಉಳಿತಾಯವನ್ನು ಬ್ರಿಟಿಷ್ ಸರ್ಕಾರಕ್ಕೆ ಕೊಟ್ಟ. ಅಮೆರಿಕಕ್ಕೆ ಹೋದ ಮೇಲೂ ಸಂಬಳದ ದೊಡ್ಡ ಪಾಲನ್ನು ಯುದ್ಧ ಪರಿಹಾರಕ್ಕೆ ಕಳಿಸ್ತಾ ಇದ್ದ. ಆದರೆ ಹಾಲಿವುಡ್ಡಿನಲ್ಲಿ ಜರ್ಮನ್ ಮಾತಿನ ಧಾಟಿ ಇರುವವನಿಗೆ ಸಿಗುತ್ತಿದ್ದದ್ದು ಹೆಚ್ಚಾಗಿ ನಾಜಿ ಪಾತ್ರಗಳೇ. ಯಾರಿಂದ ತಪ್ಪಿಸಿಕೊಂಡು ಬಂದನೋ ಅವರ ಯೂನಿಫಾರ್ಮನ್ನೇ ತೊಡಬೇಕು! ಅವನು ಒಪ್ಪಿದ. ತೊಟ್ಟರೆ ಜನ ಅವರನ್ನು ದ್ವೇಷಿಸುವ ಹಾಗೆ ತೊಡಬೇಕು ಅನ್ನೋದು ಅವನ ಹಟ.

1942ರ ‘ಕಾಸಾಬ್ಲಾಂಕಾ’ದ ಮೇಜರ್ ಸ್ಟ್ರಾಸರ್ ಅಂಥ ಪಾತ್ರ. ಕಿರುಚಾಟವಿಲ್ಲ, ನಯವಾದ ಮಾತು, ತಣ್ಣಗಿನ ಕಣ್ಣು. ಕೆಫೆಯಲ್ಲಿ ನಾಜಿ ಅಧಿಕಾರಿಗಳು ಹಾಡಲು ಶುರುಮಾಡಿದಾಗ ಉಳಿದವರೆಲ್ಲ ಎದ್ದು ಫ್ರಾನ್ಸಿನ ರಾಷ್ಟ್ರಗೀತೆ ಹಾಡಿ ಅವರ ದನಿ ಮುಳುಗಿಸುವ ದೃಶ್ಯ ನೋಡಿ. ಆ ಚಿತ್ರದಲ್ಲಿ ಪೀಟರ್ ಲೋರೆ, ಮಾರ್ಸೆಲ್ ಡಾಲಿಯೋ, ಮ್ಯಾಡಲೀನ್ ಲೆಬೋ ಹೀಗೆ ಎಷ್ಟೋ ಜನ ನಿಜವಾಗಿಯೂ ಹಿಟ್ಲರನಿಂದ ತಪ್ಪಿಸಿಕೊಂಡು ಬಂದವರೇ. ಸೋತು ಸಿಟ್ಟಾಗಿ ಕೆಫೆ ಮುಚ್ಚಿಸುವ ಸ್ಟ್ರಾಸರ್ ಕೂಡ ಅವರಲ್ಲೊಬ್ಬ.

1943ರ ಏಪ್ರಿಲ್ 3ರಂದು ಲಾಸ್ ಏಂಜಲಿಸ್‌ನಲ್ಲಿ ಗಾಲ್ಫ್ ಆಡ್ತಾ ಇದ್ದಾಗ ಹೃದಯಾಘಾತವಾಗಿ ಫೈಟ್ ತೀರಿಕೊಂಡ. ಬರೀ ಐವತ್ತು ವರ್ಷ. ಹಿಟ್ಲರ್ ಸೋತದ್ದನ್ನು ನೋಡಲಿಲ್ಲ, ಮರುವರ್ಷ ‘ಕಾಸಾಬ್ಲಾಂಕಾ’ಗೆ ಅತ್ಯುತ್ತಮ ಚಿತ್ರದ ಆಸ್ಕರ್ ಬಂದದ್ದನ್ನೂ ನೋಡಲಿಲ್ಲ. ಅವನ ಚಿತಾಭಸ್ಮ ಊರೂರು ಅಲೆದು, 1998ರಲ್ಲಿ ಲಂಡನ್ನಿನ ಗೋಲ್ಡರ್ಸ್ ಗ್ರೀನ್‌ನಲ್ಲಿ ಲಿಲಿಯ ಚಿತಾಭಸ್ಮದ ಜೊತೆ ನೆಲೆ ಕಂಡಿತು. ಯಾರಿಗಾಗಿ ಫಾರ್ಮಿನಲ್ಲಿ ಆ ಪದ ಬರೆದಿದ್ದನೋ, ಅವಳ ಪಕ್ಕದಲ್ಲೇ.

ಇಂಟರ್ನಲ್ಸ್ ಮುಗಿದ ರಾತ್ರಿ ‘ಕ್ಯಾಲಿಗರಿ’ ಹಾಕಿಕೊಂಡು ನೋಡಿ, ಒಂದು ಗಂಟೆ ಚಿಲ್ಲರೆಯ ಸಿನಿಮಾ ಅಷ್ಟೆ. ಆಮೇಲೆ ನಿಮ್ಮ ರೂಮಿನ ಜೋಕರ್ ಪೋಸ್ಟರ್ ಕಡೆ ಒಮ್ಮೆ ತಿರುಗಿ. ನಮ್ಮ ರೂಮಿನಲ್ಲಂತೂ ಅದರ ಪಕ್ಕಕ್ಕೆ ಇನ್ನೊಂದು ಕಪ್ಪು ಬಿಳುಪು ಫೋಟೋ ಅಂಟಿಸಿದ್ದೇವೆ. ಬಂದವರೆಲ್ಲ ಯಾರಿದು ಅಂತ ಕೇಳ್ತಾರೆ. ಹೇಳ್ತಾ ಇದ್ದೇವೆ.