ಎಣ್ಣೆ ಹಾಕುತ್ತಿದ್ದ ಎಂಜಿನಿಯರ್: ಎಲಿಜಾ ಮೆಕಾಯ್

ಮಕ್ಕಳೇ, ಹೊಲಕ್ಕೆ ಹೊರಡುವ ಮುನ್ನ ಟ್ರ್ಯಾಕ್ಟರ್ ಚಾಲಕರು ಗ್ರೀಸ್ ಗನ್ ಹಿಡಿದು ಕೂಡುವುದನ್ನು ನೋಡಿದ್ದೀರಲ್ಲವೇ? ರೋಟಾವೇಟರ್ ತಿರುಗಿಸುವ ಶಾಫ್ಟಿನ ಎರಡೂ ತುದಿಗಳಲ್ಲಿ ಕೀಲುಗಳಿವೆ. ಗ್ಯಾರೇಜಿನವರು ಇದನ್ನು ಕ್ರಾಸ್ ಎನ್ನುತ್ತಾರೆ. ಅದರ ಮೇಲಿನ ಪುಟ್ಟ ನಿಪ್ಪಲ್ಲನ್ನು ಬಟ್ಟೆಯಿಂದ ಒರೆಸಿ, ಗನ್ನಿನ ಮೂತಿ ಕೂಡಿಸಿ ಒತ್ತಿದರೆ ಗ್ರೀಸ್ ಒಳಗೆ ಹೋಗುತ್ತದೆ. ನಿಮ್ಮ ಅಜ್ಜ ಎತ್ತಿನ ಬಂಡಿಯ ಅಚ್ಚಿಗೆ ಕೀಲೆಣ್ಣೆ ಹಾಕುತ್ತಿದ್ದುದೂ ಇದೇ ಕಾರಣಕ್ಕೆ. ಲೋಹಕ್ಕೆ ಲೋಹ ಉಜ್ಜಿದರೆ ಘರ್ಷಣೆಯಿಂದ ಕಾವು ಹುಟ್ಟುತ್ತದೆ, ಕೀಲು ಸವೆಯುತ್ತದೆ. ನಡುವೆ ಎಣ್ಣೆಯ ಪದರವಿದ್ದರೆ ಘರ್ಷಣೆ ತಗ್ಗುತ್ತದೆ.

ಈ ಕೆಲಸದಲ್ಲೇ ಹೊಸ ದಾರಿ ಕಂಡವರು ಎಲಿಜಾ ಮೆಕಾಯ್. ಅವರ ತಂದೆತಾಯಿ ಅಮೆರಿಕದ ಕೆಂಟಕಿಯಲ್ಲಿ ಗುಲಾಮರಾಗಿದ್ದರು. ಅಲ್ಲಿಂದ ತಪ್ಪಿಸಿಕೊಂಡು ಕೆನಡಾ ಸೇರಿದರು. ಎಲಿಜಾ 1844ರಲ್ಲಿ ಅಲ್ಲಿ ಹುಟ್ಟಿದರು. ಯಂತ್ರಗಳೆಂದರೆ ಪ್ರಾಣವಾಗಿದ್ದ ಮಗನನ್ನು ಹೆತ್ತವರು ಸ್ಕಾಟ್ಲೆಂಡಿನ ಎಡಿನ್‌ಬರೋಗೆ ಕಳಿಸಿ ಎಂಜಿನಿಯರಿಂಗ್ ಕಲಿಸಿದರು.

ಓದು ಮುಗಿಸಿ ಅಮೆರಿಕದ ಮಿಚಿಗನ್‌ಗೆ ಬಂದರೆ, ಕಪ್ಪು ವರ್ಣದವರೆಂಬ ಕಾರಣಕ್ಕೆ ಎಂಜಿನಿಯರ್ ಕೆಲಸ ಸಿಗಲಿಲ್ಲ. ರೈಲ್ವೆಯಲ್ಲಿ ಸಿಕ್ಕಿದ್ದು ಉಗಿಬಂಡಿಯ ಒಲೆಗೆ ಉರುವಲು ಹಾಕುವ, ಯಂತ್ರಕ್ಕೆ ಎಣ್ಣೆ ಹಾಕುವ ಕೆಲಸ. ಹಿಂದೆ ಹೊಸಪೇಟೆಯಿಂದ ಹಗರಿಬೊಮ್ಮನಹಳ್ಳಿಯ ಮೇಲೆ ಕೊಟ್ಟೂರಿಗೂ ಉಗಿಬಂಡಿ ಬರುತ್ತಿತ್ತು. ಅದನ್ನು ಕಂಡ ಹಿರಿಯರನ್ನು ಕೇಳಿ ನೋಡಿ.

ಮೆಕಾಯ್ ಕಾಲದಲ್ಲಿ ಎಣ್ಣೆಗಾಗಿ ಬಂಡಿಯನ್ನು ಆಗಾಗ ನಿಲ್ಲಿಸಬೇಕಾಗುತ್ತಿತ್ತು. ಅವರು ಎಂಜಿನ್ನಿಗೆ ಜೋಡಿಸುವ ಎಣ್ಣೆ ಬಟ್ಟಲೊಂದನ್ನು ರೂಪಿಸಿದರು. ಆವಿಯ ಒತ್ತಡದಿಂದಲೇ ಅದರ ಕವಾಟ ತೆರೆದು, ಯಂತ್ರ ಓಡುತ್ತಿರುವಾಗಲೇ ಸಿಲಿಂಡರಿಗೆ ಎಣ್ಣೆ ಇಳಿಯುತ್ತಿತ್ತು. 1872ರಲ್ಲಿ ಇದಕ್ಕೆ ಪೇಟೆಂಟ್ ದೊರೆಯಿತು. ಬೇರೆಯವರೂ ಇಂತಹ ಸಾಧನಗಳನ್ನು ಮಾಡಿದ್ದರು. ಆದರೆ ಮೆಕಾಯ್ ಜೀವನವಿಡೀ ಸುಧಾರಿಸುತ್ತಲೇ ಹೋದರು. ಅವರು ಪಡೆದ ಪೇಟೆಂಟುಗಳು 50ಕ್ಕೂ ಹೆಚ್ಚು. ಹಣವಿಲ್ಲದೆ ಅನೇಕ ಹಕ್ಕುಗಳನ್ನು ಬೇರೆಯವರಿಗೆ ಬಿಟ್ಟುಕೊಡಬೇಕಾಯಿತು. ತಮ್ಮದೇ ಹೆಸರಿನ ಕಂಪನಿ ತೆರೆದದ್ದು 1920ರಲ್ಲಿ, ಎಪ್ಪತ್ತು ದಾಟಿದ ಮೇಲೆ. 1929ರಲ್ಲಿ ತೀರಿಕೊಂಡರು.

ಈಗ ನೀವೇ ಮಾಡಿ ನೋಡಿ. ಒಣ ಅಂಗೈಗಳನ್ನು ಜೋರಾಗಿ ಉಜ್ಜಿ. ನಂತರ ಎರಡು ಹನಿ ಕೊಬ್ಬರಿ ಎಣ್ಣೆ ಹಾಕಿಕೊಂಡು ಉಜ್ಜಿ. ಯಾವಾಗ ಹೆಚ್ಚು ಬಿಸಿಯಾಯಿತು?

ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಯ ಗ್ಯಾರೇಜುಗಳಲ್ಲಿ ಕೈಯೆಲ್ಲ ಗ್ರೀಸ್ ಮಾಡಿಕೊಂಡು ದುಡಿಯುವವರನ್ನು ಕಂಡಾಗ ಮೆಕಾಯ್ ಅವರನ್ನು ನೆನೆಯಿರಿ. ಯಾವ ಕೀಲಿಗೆ ಯಾವಾಗ ಗ್ರೀಸ್ ಬೇಕೆಂದು ಅವರನ್ನು ಕೇಳಿ ತಿಳಿಯಿರಿ. ಒಂದು ಮಾತು ಮರೆಯಬೇಡಿ: ಗ್ರೀಸ್ ಹಾಕುವ ಮುನ್ನ ಎಂಜಿನ್ ನಿಲ್ಲಿಸಿರಲೇಬೇಕು. ತಿರುಗುವ ಶಾಫ್ಟಿನ ಹತ್ತಿರ ನೀವು ಎಂದೂ ಹೋಗಬೇಡಿ.